ಖುದ್ದಾಗಿ ನೋಡಿದ್ದೇನೆ

6-10-1982, ಬುಧವಾರ

ಆ ಹೆಂಗಸು ಇವತ್ತೂ ಬಂದಿದ್ದಳು. ಇದು ಮೂರನೇ ಸಲ. ಸುಳ್ಯದಿಂದ ಬೆಳಗ್ಗಿನ ಬಸ್ಸು ಹಿಡಿದು ಒಂಬತ್ತೂವರೆಗೆಲ್ಲ ನಮ್ಮ ಪುತ್ತೂರಿನ ದರ್ಬೆಯಲ್ಲಿ ಇಳಿಯುತ್ತಾಳೆ. ನಮ್ಮ ಜಗಲಿಯ ತುದಿಯಲ್ಲಿ ಬ್ಯಾಂಡೇಜು ಸುತ್ತಿದ ಕಾಲು ನೀಡಿಕೊಂಡು ಕೂರುತ್ತಾಳೆ. ಮಧ್ಯಾಹ್ನ ಕಳೆದ ಮೇಲೆ ಎದ್ದು ಹೋಗುತ್ತಾಳೆ. ಬೈಯುವುದಿಲ್ಲ, ಅಳುವುದಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ‘ಸರಕಾರಿ ಪರವಾನಗಿ ಪಡೆದ ವಿದ್ಯುತ್ ಕಂಟ್ರಾಕ್ಟರ್’ ಎಂದು ಇವರ ಹೆಸರಿನ ಬೋರ್ಡು ತೂಗುವ ಕಡೆಯಲ್ಲೇ ಹೀಗೆ ಕುಳಿತರೆ ಹೋಗುವವರು ಬರುವವರು ಏನೆಂದುಕೊಳ್ಳಬೇಕು?

ಆಗಸ್ಟ್ ಇಪ್ಪತ್ತೇಳಕ್ಕೆ ಸುಳ್ಯ, ಸಂಪಾಜೆ ಕಡೆ ಭೂಮಿ ಸಣ್ಣಗೆ ನಡುಗಿತು. ಪುತ್ತೂರಿನಲ್ಲಿ ನಮಗೆ ಗೊತ್ತೇ ಆಗಲಿಲ್ಲ. ಅಲ್ಲೂ ನಾಲ್ಕು ಹೆಂಚು ಜಾರಿದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲವಂತೆ. ಆದರೆ ಸುಳ್ಯದ ತ್ಯಾಂಪಣ್ಣ ಮಾವನ ನರ್ಸಿಂಗ್ ಹೋಮಿನಲ್ಲಿ, ಆಪರೇಶನ್ ಕೋಣೆಯ ದೀಪಕ್ಕೆಂದು ಇಟ್ಟಿದ್ದ ಬ್ಯಾಟರಿಗಳ ಸ್ಟ್ಯಾಂಡು ಮಗುಚಿತು. ಅದು ಬಿದ್ದದ್ದು ಕಸ ಗುಡಿಸುತ್ತಿದ್ದ ಈ ಪಾತು ಎಂಬವಳ ಮೇಲೆ. ಕಾಲು ಜಜ್ಜಿತು, ಆ್ಯಸಿಡ್ ಚೆಲ್ಲಿ ಕೈ ಸುಟ್ಟಿತು. ಪಾಪವೇ. ಅದಕ್ಕೆ ನಾವು ಏನು ಮಾಡಬೇಕು?

ಅಂಥ ಕಟ್ಟಡಕ್ಕೆ ಭೂಕಂಪದ ವಿಮೆ ಬೇಕಾದರೆ ಕರೆಂಟಿನ ಭಾರದ ಸಾಮಾನುಗಳೆಲ್ಲ ನೆಲಕ್ಕೂ ಗೋಡೆಗೂ ಬೋಲ್ಟು ಹಾಕಿ ಬಿಗಿದಿವೆ ಎಂದು ಪರವಾನಗಿ ಇದ್ದವರೊಬ್ಬರ ಸರ್ಟಿಫಿಕೇಟು ಇರಬೇಕು. ಜೂನ್ ಹದಿನಾಲ್ಕರ ತಾರೀಕಿನಲ್ಲಿ ಅದನ್ನು ಕೊಟ್ಟವರು ಇವರು. ಮಾವ ಹೇಳುವುದರಲ್ಲಿ ತಪ್ಪೇನಿದೆ? ಬೋಲ್ಟು ಹಾಕಿದ ಸ್ಟ್ಯಾಂಡು ಅಷ್ಟು ಸಣ್ಣ ನಡುಕಕ್ಕೆ ಬೀಳುವುದಿಲ್ಲ. ಬಿದ್ದಿದೆ ಎಂದರೆ ಯಾರೋ ಬೋಲ್ಟು ಕಳಚಿದ್ದಾರೆ. ಆ ಕೋಣೆಗೆ ದಿನಾ ಹೋಗುತ್ತಿದ್ದವಳು ಇವಳು. ಬ್ಯಾಟರಿಯೊಳಗಿನ ಸೀಸಕ್ಕೆ ಗುಜರಿಯಲ್ಲಿ ಒಳ್ಳೆಯ ಬೆಲೆ. ಇವಳ ಅಣ್ಣ ಸಲಾಂ ಜೀಪು ಓಡಿಸುತ್ತಾನೆ, ಸಾಗಿಸುವುದಕ್ಕೂ ಅನುಕೂಲ. ಮಾವ ಇಬ್ಬರ ಮೇಲೂ ಕಳ್ಳತನದ ದೂರು ಕೊಟ್ಟಿದ್ದಾರೆ.

ಅವಳು ಕೇಳುವುದು ಒಂದೇ. ಅಲ್ಲಿ ಬೋಲ್ಟು ಇತ್ತೋ ಇಲ್ಲವೋ ಎಂದು ರೈಗಳು, ಅಂದರೆ ಇವರು, ಬಾಯಿಬಿಟ್ಟು ಹೇಳಲಿ ಎಂದು. ಇವರು ಅವಳು ಬರುವ ಮೊದಲೇ ಹಿತ್ತಲ ಬಾಗಿಲಿನಿಂದ ಕೆಲಸಕ್ಕೆ ಹೋಗುತ್ತಾರೆ.

8-10-1982, ಶುಕ್ರವಾರ

ಒಂಬತ್ತು ಗಂಟೆಗೆ ಎರಡು ಕೊಡಪಾನ ನೀರು ಸುರಿದು ಜಗಲಿ ತೊಳೆದೆ. ಒಣಗಲು ಬಿಡಲಿಲ್ಲ, ಮತ್ತೊಂದು ಕೊಡ ಸುರಿದೆ. ಅವಳು ಬಂದು ಒಂದು ಗಳಿಗೆ ನಿಂತು ನೋಡಿ, ಒದ್ದೆಯಲ್ಲೇ ಕುಳಿತಳು. ಬ್ಯಾಂಡೇಜು ನೆನೆಯದ ಹಾಗೆ ಕಾಲನ್ನು ಮಾತ್ರ ಚಪ್ಪಲಿಯ ಮೇಲೆ ಎತ್ತಿ ಇಟ್ಟುಕೊಂಡಳು.

ಒಳಗೆ ಬಂದು ಟೈಪ್‌ರೈಟರಿನ ಮುಂದೆ ಕುಳಿತರೆ ಒಂದು ಸಾಲು ನೆಟ್ಟಗೆ ಬರಲಿಲ್ಲ. ಮೂರು ಹಾಳೆ ಹರಿದೆ. ಇಂಥವರಿಂದ ನಮ್ಮ ಕೆಲಸವೂ ಕೆಡುತ್ತದೆ.

13-10-1982, ಬುಧವಾರ

ಇವತ್ತು ಅಣ್ಣನೂ ಬಂದಿದ್ದ. ಜೀಪನ್ನು ಗೇಟಿಗೆ ಅಡ್ಡವಾಗಿ ನಿಲ್ಲಿಸಿದ. ತೆಗೆಯಲು ಹೇಳಿದೆ, ತೆಗೆಯಲಿಲ್ಲ. ಪೊಲೀಸರಿಗೆ ಹೇಳುತ್ತೇನೆ ಎಂದೆ. ಅವರನ್ನು ಈಗ ವಾರಕ್ಕೆರಡು ಸಲ ನೋಡುತ್ತಲೇ ಇದ್ದೇನೆ, ಹೊಸದೇನಲ್ಲ ಎಂದ. ಹೆಂಗಸರ ಹತ್ತಿರ ಮಾತಾಡುವ ಮರ್ಯಾದೆ ಗೊತ್ತಿಲ್ಲವಾ ಎಂದು ಕೇಳಿದೆ. ಅದಕ್ಕೆ ಅವನು ದನಿ ಏರಿಸದೆ ಹೇಳಿದ:

“ಜೂನಲ್ಲಿ ನಿಮ್ಮ ಯಜಮಾನ್ರನ್ನು ಸುಳ್ಯದಲ್ಲಿ ಕಂಡವರು ಒಬ್ಬರೂ ಇಲ್ಲ. ಬಸ್‌ಸ್ಟ್ಯಾಂಡಲ್ಲೇ ಇರುವವ ನಾನು. ಅವರು ಡ್ರಿಲ್ಲು ಹಿಡ್ಕೊಂಡು ಬಂದದ್ದು ಆಗಸ್ಟಲ್ಲಿ, ಇವಳ ಮೇಲೆ ಬಿದ್ದ ಮಾರನೇ ದಿನ. ನನ್ನ ಜೀಪಲ್ಲೇ ಬಂದದ್ದು. ಯಾರು ಅಂತ ಆಗ ನನಗೆ ಗೊತ್ತಿರ್ಲಿಲ್ಲ.”

ಬಾಗಿಲು ಹಾಕಿಕೊಂಡೆ.

ಮಧ್ಯಾಹ್ನ ಊಟಕ್ಕೆ ಬಂದಾಗ ಇವರನ್ನು ಕೇಳಿದೆ. “ನಿನಗೆ ಟೈಪು ಮಾಡುವ ಕೆಲಸ ಸಾಕು” ಎಂದರು. ಹೌದು, ಸಾಕು. ಜೀಪಿನವನ ಮಾತು ಕೇಳಿ ಗಂಡನನ್ನು ವಿಚಾರಿಸುವ ಗತಿ ಬಂತಲ್ಲ ನನಗೆ.

15-10-1982, ಶುಕ್ರವಾರ

ಬರಲಿಲ್ಲ. ನೆಮ್ಮದಿ. ಹತ್ತೂವರೆಯ ಬಸ್ಸಿಗೆ ಬಂದಾಳೆಂದು ನೋಡಿದೆ, ಹನ್ನೆರಡರದ್ದಕ್ಕೂ ನೋಡಿದೆ. ಬರಲಿಲ್ಲ.

20-10-1982, ಬುಧವಾರ

ಒಂದು ವಾರದಿಂದ ಸುದ್ದಿಯಿಲ್ಲ. ಹುಣ್ಣು ಕೀವಾಗಿ ಆಸ್ಪತ್ರೆ ಸೇರಿದಳೋ, ಪೊಲೀಸರು ಕೂರಿಸಿಕೊಂಡರೋ, ಅವಳನ್ನು ಕಟ್ಟಿಕೊಂಡು ನನಗೇನಾಗಬೇಕು?

ಕಡತಗಳಿಗೆ ಧೂಳು ಹಿಡಿದಿತ್ತೆಂದು ಕಪಾಟು ತೆಗೆದೆ. ಜೂನ್ ಹದಿನಾಲ್ಕರ ಕಾರ್ಬನ್ ಪ್ರತಿ ಮೇಲೆಯೇ ಇತ್ತು. ನಾನು ಟೈಪಿಂಗ್ ಲೋವರ್ ಪಾಸು ಮಾಡಿದವಳು. ಇಂಗ್ಲಿಷನ್ನು ಬೆರಳಿನಿಂದ ಬಲ್ಲೆನೇ ಹೊರತು ನಿಧಾನವಾಗಿ ಓದಿ ಅರ್ಥ ಮಾಡಿಕೊಂಡು ಹೊಡೆದದ್ದಲ್ಲ. ಹಳೆಯ ಸರ್ಟಿಫಿಕೇಟು ಎದುರಿಗಿಟ್ಟು ಹೆಸರು, ಊರು, ತಾರೀಕು ಬದಲಿಸುವುದು ನನ್ನ ಕೆಲಸ. ಇವತ್ತು ನಿಘಂಟು ಇಟ್ಟುಕೊಂಡು ಒಂದೊಂದೇ ಶಬ್ದ ಬಿಡಿಸಿದೆ. ಹೀಗಾಗುತ್ತದೆ:

‘ಮೇಲೆ ಹೇಳಿದ ಕಟ್ಟಡದ ಟ್ರಾನ್ಸ್‌ಫಾರ್ಮರು, ಪ್ಯಾನೆಲ್ ಬೋರ್ಡು ಹಾಗೂ ಬ್ಯಾಟರಿ ಸ್ಟ್ಯಾಂಡುಗಳು ಭೂಕಂಪದ ಅಲುಗಾಟಕ್ಕೆ ಜಾರದಂತೆ, ಮಗುಚದಂತೆ ಭದ್ರವಾಗಿ ಬಿಗಿಯಲ್ಪಟ್ಟಿರುವುದನ್ನು ಈ ದಿನ ಸ್ಥಳದಲ್ಲಿದ್ದು ಖುದ್ದಾಗಿ ನೋಡಿದ್ದೇನೆ.’

ಈ ದಿನ. ಸ್ಥಳದಲ್ಲಿದ್ದು. ಖುದ್ದಾಗಿ.

ಜೂನ್ ಏಳರಿಂದ ಇಪ್ಪತ್ತೈದರವರೆಗೆ ಇವರು ನಡುಮನೆಯ ಮಂಚ ಬಿಟ್ಟು ಇಳಿದವರಲ್ಲ. ಕಾಮಾಲೆ. ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕಲಸಿ ಕುಡಿಸಿದವಳು ನಾನು. ಕಣ್ಣು ಹಳದಿ, ಎದ್ದು ನಿಂತರೆ ತಲೆ ತಿರುಗುತ್ತಿತ್ತು. ಮಾವ ಎರಡು ಸಲ ಆಳು ಕಳಿಸಿದರು. ವಿಮೆಯ ಕಾಗದಕ್ಕೆ ಕೊನೆಯ ದಿನ ಹತ್ತಿರ ಬಂತು, ನಮ್ಮವರೇ ಹೀಗೆ ಮಾಡಿದರೆ ಹೇಗೆ ಎಂದು ಹೇಳಿ ಕಳಿಸಿದರು. ಇವರು ಮಲಗಿದಲ್ಲಿಂದಲೇ “ಟೈಪು ಮಾಡಿ ಕೊಟ್ಟುಬಿಡು” ಎಂದರು. ಕೊಟ್ಟೆ.

ಆಗಸ್ಟಿನಲ್ಲಿ ಸುಳ್ಯದಿಂದ ಬಂದ ಅಂಗಿಯನ್ನು ಒಗೆದವಳೂ ನಾನೇ. ತೋಳಿನ ಮಡಿಕೆಯಲ್ಲಿ ಸಿಮೆಂಟಿನ ಪುಡಿ ಇತ್ತು. ಎರಡು ಸಲ ಸೋಪು ಹಾಕಿದರೂ ಹೋಗಲಿಲ್ಲ.

21-10-1982, ಗುರುವಾರ

ಕೇಳಿಯೇಬಿಟ್ಟೆ. ಬಿದ್ದ ಮೇಲೆ ಹೋಗಿ ಗೋಡೆಗೆ ತೂತು ಕೊರೆದು ಬಂದಿರಾ ಎಂದು. ಇವರು ಕಾಫಿಯ ಲೋಟ ಕೆಳಗಿಟ್ಟು ನನ್ನನ್ನು ಬಹಳ ಹೊತ್ತು ನೋಡಿದರು. ಹದಿನೇಳು ವರ್ಷದಲ್ಲಿ ನನ್ನನ್ನು ಹಾಗೆ ನೋಡಿದ್ದಿಲ್ಲ.

“ಆ ಕಾಗದದ ಕೆಳಗೆ ಸಹಿ ಯಾರದ್ದು ಅಂತ ನೋಡಿದಿಯಾ?”

ನಾನು ಕೆಳಗಿಟ್ಟ ಲೋಟ ಎತ್ತಿಕೊಂಡೆ.

“ನಾನು ಸಿಕ್ಕಿಬಿದ್ರೆ ಪರವಾನಗಿ ಹೋಗ್ತದೆ, ಅಷ್ಟೇ. ನೀನು ಸಿಕ್ಕಿಬಿದ್ರೆ ಅದಕ್ಕೆ ಬೇರೆ ಹೆಸರುಂಟು.”

ಹೌದು. ಸಹಿ ನನ್ನದು. ಅಂದರೆ ಇವರ ಸಹಿ, ನನ್ನ ಕೈಯದ್ದು. ಜ್ವರದಲ್ಲಿ ಇವರ ಕೈ ನಡುಗುತ್ತಿತ್ತು, ಆಳು ಜಗಲಿಯಲ್ಲಿ ಕಾಯುತ್ತಿದ್ದ, ನಾನು ಹಾಕಿ ಕೊಟ್ಟೆ. ಬ್ಯಾಂಕಿನ ಕಾಗದಕ್ಕೆ, ಸೊಸೈಟಿಯ ಕಾಗದಕ್ಕೆ ಎಷ್ಟೋ ಸಲ ಹಾಕಿದ್ದೇನೆ. ನನಗಿಂತ ಚೆನ್ನಾಗಿ ಹಾಕುತ್ತಿ ಎಂದು ಇವರೇ ನಗುತ್ತಿದ್ದರು.

ಇದನ್ನು ನಿನ್ನೆಯೇ ಬರೆಯಬೇಕಿತ್ತು. ಬರೆಯಲಿಲ್ಲ.

30-10-1982, ಶನಿವಾರ

ತ್ಯಾಂಪಣ್ಣ ಮಾವ ಬಂದಿದ್ದರು. ಇವರಿಗೆ ದೂರದ ಸಂಬಂಧ, ಆದರೆ ನಮ್ಮ ಮನೆಯಲ್ಲಿ ಸ್ವಂತ ಮನೆಯವರ ಹಾಗೆ ಕಾಲು ಚಾಚಿ ಕೂರುತ್ತಾರೆ. ಕೋಳಿ ಪದಾರ್ಥ, ನೀರುದೋಸೆ ಮಾಡಿದೆ. ಎಂಟನೇ ತಾರೀಕಿಗೆ ವಿಮೆಯವರ ಸರ್ವೇಯರ್ ಬರುತ್ತಾನಂತೆ. ಸಂಪಾಜೆ ಕಡೆಯ ಬೋಜಪ್ಪ ಎಂಬವನು, ಕೇಳಿದ್ದನ್ನೇ ಕೇಳುವ ಜಾತಿಯವನಂತೆ. ಇವರು ಹೇಳಬೇಕಾದ ಮಾತನ್ನು ಮಾವ ಮಕ್ಕಳಿಗೆ ಪಾಠ ಹೇಳಿಸಿದ ಹಾಗೆ ಹೇಳಿಸಿದರು. ಬೆಳಗ್ಗೆ ಎಷ್ಟು ಗಂಟೆಗೆ ಸುಳ್ಯಕ್ಕೆ ಬಂದದ್ದು, ಯಾವ ಬೋಲ್ಟನ್ನು ಯಾವ ಸ್ಪ್ಯಾನರಿನಲ್ಲಿ ಪರೀಕ್ಷಿಸಿದ್ದು, ಎಲ್ಲವನ್ನೂ.

ಸಲಾಮನನ್ನು ಎರಡು ದಿನ ಠಾಣೆಯಲ್ಲಿ ಕೂರಿಸಿದರಂತೆ. ಅದನ್ನು ಹೇಳುವಾಗ ಮಾವ ನಕ್ಕರು. ಕೋಳಿಯ ಎಲುಬು ಹಲ್ಲಿನ ನಡುವೆ ಇತ್ತು. ನಾನು ಇನ್ನೊಂದು ದೋಸೆ ಬಡಿಸಲಿಲ್ಲ. ಕೇಳಿದರು, ಮುಗಿಯಿತು ಎಂದೆ. ಒಳಗೆ ಎಂಟಿತ್ತು.

3-11-1982, ಬುಧವಾರ

ಬಂದಳು. ಒಬ್ಬಳೇ. ಬ್ಯಾಂಡೇಜು ಬಿಚ್ಚಿದ್ದಾರೆ. ಪಾದ ಒಂದು ಬದಿಗೆ ತಿರುಗಿ ಕೂಡಿಕೊಂಡಿದೆ. ಕೈಯ ಚರ್ಮ ಬೆಂದ ಹಲಸಿನ ಸೊಳೆಯ ಹಾಗೆ, ನೋಡಲಾಗುವುದಿಲ್ಲ. ಸೆರಗಿನಿಂದ ಮುಚ್ಚಿಕೊಂಡಿದ್ದಳು, ಗಾಳಿಗೆ ಸರಿಯಿತು.

ದಿನಾ ಬಂದು ಕುಳಿತರೆ ನಮ್ಮ ಮರ್ಯಾದೆ ಹೋಗುತ್ತದೆ ಎಂದು ಗೊತ್ತಾಗುವುದಿಲ್ಲವಾ ಎಂದು ಕೇಳಿದೆ. ಗೊತ್ತುಂಟು ಎಂದಳು. ಅಷ್ಟು ಗೊತ್ತಿದ್ದರೆ ಯಾಕೆ ಬರುತ್ತಿ ಎಂದೆ. ಆಗ ಹೇಳಿದಳು:

“ಬೋಲ್ಟು ಅಂದ್ರೆ ಎಂತ ಅಂತ್ಲೇ ನನಗೆ ಗೊತ್ತಿರ್ಲಿಲ್ಲ ಅಕ್ಕ. ಪೊಲೀಸರು ಮೇಜಿನ ಮೇಲೆ ಒಂದು ಇಟ್ರು. ಇದನ್ನು ಎಂತದ್ರಲ್ಲಿ ಕಳಚಿದ್ದು ಹೇಳು ಅಂತ ಹೊಡೆದ್ರು. ಮುಟ್ಟಿ ನೋಡಿದ್ದು ಅದೇ ಮೊದಲು.”

ಒಳಗೆ ಬಂದೆ. ಒಂದು ಲೋಟ ಚಾ ಮಾಡಿ ಜಗಲಿಯ ಕಟ್ಟೆಯ ಮೇಲಿಟ್ಟೆ. ಹೊರಗಿನವರಿಗೆಂದು ಬೇರೆ ಇಟ್ಟ ಲೋಟ ಹುಡುಕಿದರೆ ಕೈಗೆ ಸಿಗಲಿಲ್ಲ, ನನ್ನದರಲ್ಲೇ ಕೊಟ್ಟೆ. ಅವಳು ಮುಟ್ಟಲೇ ಇಲ್ಲ. ಅಷ್ಟು ಬಿಗುಮಾನ. ಆರಿದ ಚಾವನ್ನು ತೆಂಗಿನ ಬುಡಕ್ಕೆ ಚೆಲ್ಲಿದೆ.

9-11-1982, ಮಂಗಳವಾರ

ನಿನ್ನೆ ಬರೆಯಲು ಆಗಲಿಲ್ಲ.

ಬೋಜಪ್ಪನವರು ಹತ್ತು ಗಂಟೆಗೆ ಬಂದರು. ಐವತ್ತರ ಆಸುಪಾಸು, ಬಿಳಿ ಅಂಗಿ, ಕೊಡೆ. ಸುಳ್ಯದಲ್ಲಿ ಗೋಡೆಯನ್ನು ನೋಡಿಕೊಂಡೇ ಬಂದಿದ್ದರು. ಬೋಲ್ಟಿನ ತೂತುಗಳು ಇವೆ, ಆದರೆ ತೂತು ಯಾವಾಗಿನದೆಂದು ಗೋಡೆ ಹೇಳುವುದಿಲ್ಲ, ಅದಕ್ಕೇ ಬಂದೆ ಎಂದರು. ಮಾವ ಆಫೀಸಿನ ಒಳ್ಳೆಯ ಕುರ್ಚಿಯಲ್ಲಿ ಕುಳಿತಿದ್ದರು. ಹೊರಗೆ ಪಾತು ಇದ್ದಳು. ಅವಳನ್ನು ಓಡಿಸಲು ಮಾವ ಎದ್ದಾಗ ಬೋಜಪ್ಪನವರು, “ಅವ್ರು ಇರ್ಲಿ ಮಾರಾಯ್ರೆ” ಎಂದರು.

ಇವರ ಹೇಳಿಕೆಯನ್ನು ಅಲ್ಲೇ ಟೈಪು ಮಾಡಿಸಿ ಸಹಿ ಪಡೆಯಬೇಕು, ಮೇಲಿನವರಿಗೆ ಹಾಗೆಯೇ ಕೊಡಬೇಕು ಎಂದರು. ಟೈಪು ಮಾಡುವವರು ಯಾರು ಎಂದು ಕೇಳಿದರು. ಇವರು ನನ್ನ ಕಡೆ ಕೈ ತೋರಿಸಿದರು. ನಾನು ಹಾಳೆಗಳ ನಡುವೆ ಕಾರ್ಬನ್ ಇಟ್ಟು ಸಿಕ್ಕಿಸಿ ಕುಳಿತೆ.

ಇವರು ಒಂದೊಂದೇ ವಾಕ್ಯ ಹೇಳುತ್ತಾ ಹೋದರು, ಬೋಜಪ್ಪನವರು ಇಂಗ್ಲಿಷ್ ಮಾಡಿ ಹೇಳಿದರು, ನಾನು ಹೊಡೆದೆ. ಹೆಸರು, ತಂದೆಯ ಹೆಸರು, ಪರವಾನಗಿ ನಂಬ್ರ. ಜೂನ್ ಹದಿನಾಲ್ಕರಂದು ಬೆಳಗ್ಗೆ ಎಂಟೂವರೆಯ ಬಸ್ಸಿನಲ್ಲಿ ನಾನು ಪುತ್ತೂರಿನಿಂದ ಹೊರಟು, ಎನ್ನುವವರೆಗೆ ಹೊಡೆದೆ. ಅಲ್ಲಿ ಕೈ ನಿಂತಿತು. ರಿಬ್ಬನ್ ಸಿಕ್ಕಿಕೊಂಡಿತಾ ಎಂದು ಬೋಜಪ್ಪನವರು ಕೇಳಿದರು.

ನಾನು, “ಇಲ್ಲ, ಆ ದಿನ ಇವರು ಬಸ್ಸು ಹತ್ತಲಿಲ್ಲ” ಎಂದೆ.

ಮಾವ ನಗಲು ಹೊರಟರು. ಇವರು “ವಾರಿಜಾ” ಎಂದರು. ನಾನು ಟೈಪ್‌ರೈಟರನ್ನೇ ನೋಡುತ್ತಾ ಹೇಳಿದೆ. ಇವರಿಗೆ ಕಾಮಾಲೆಯಾಗಿತ್ತು, ಹತ್ತೊಂಬತ್ತು ದಿನ ಮಲಗಿದ್ದರು, ಆ ಸ್ಟ್ಯಾಂಡನ್ನು ಇವರು ನೋಡಲಿಲ್ಲ, ನಾನೂ ನೋಡಲಿಲ್ಲ, ಯಾರೂ ನೋಡಲಿಲ್ಲ. ತೂತು ಕೊರೆದದ್ದು ಆಗಸ್ಟ್ ಇಪ್ಪತ್ತೆಂಟಕ್ಕೆ.

“ಹಾಗಾದ್ರೆ ಇದು ಯಾರ ಸಹಿ ಅಮ್ಮ?” ಬೋಜಪ್ಪನವರು ಸರ್ಟಿಫಿಕೇಟನ್ನು ನನ್ನ ಮುಂದಿಟ್ಟರು.

ಇವರ ಹೆಸರನ್ನು ನಾನು ಇವತ್ತಿನವರೆಗೆ ಬಾಯಲ್ಲಿ ಹೇಳಿದವಳಲ್ಲ. ಪೆನ್ನು ತೆಗೆದುಕೊಂಡು ಅರ್ಧ ಹೊಡೆದ ಆ ಹಾಳೆಯ ಕೆಳಗೆ ‘ಸುಂದರ ರೈ’ ಎಂದು ಸಹಿ ಹಾಕಿದೆ. ಕೊನೆಯ ಗೆರೆಯನ್ನು ಇವರು ಎಳೆಯುವ ಹಾಗೆಯೇ ಎಳೆದೆ. ಬೋಜಪ್ಪನವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಮಾವ ಎದ್ದು ಹೊರಟವರು ಬಾಗಿಲಲ್ಲಿ ನಿಂತು, ಹೆಂಡತಿಯನ್ನು ಹದ್ದುಬಸ್ತಿನಲ್ಲಿಡಲು ಬಾರದವನಿಗೆ ಕೆಲಸ ಕೊಟ್ಟದ್ದು ನನ್ನದೇ ತಪ್ಪು ಎಂದರು. ಇವರು ಗೋಡೆ ನೋಡುತ್ತಿದ್ದರು.

ಯಾಕೆ ಹೇಳಿದೆನೋ ಗೊತ್ತಿಲ್ಲ. ಆ ವಾಕ್ಯ ಹೊಡೆಯಲು ಆಗಲಿಲ್ಲ, ಅಷ್ಟೇ.

10-11-1982, ಬುಧವಾರ

ಬಡಿಸಿದ ಬಟ್ಟಲನ್ನು ಇವರು ಅಂಗಳಕ್ಕೆ ಎಸೆದರು. ಹೆಕ್ಕಿ ತಂದು ತೊಳೆದಿಟ್ಟೆ. ಒಂದು ಬದಿ ನೆಗ್ಗಿದೆ.

14-11-1982, ಭಾನುವಾರ

ದೀಪಾವಳಿಯ ಎಣ್ಣೆಸ್ನಾನಕ್ಕೆ ಬೆಳಗ್ಗೆಯೇ ಹಂಡೆ ತುಂಬಿಸಿ ಬೆಂಕಿ ಹಾಕಿದ್ದೆ. ಇವರು ಬ್ಯಾಗು ಹಿಡಿದು ಅಜ್ಜಾವರಕ್ಕೆ, ಅಕ್ಕನ ಮನೆಗೆ ಹೋದರು. “ನೀನು ಆ ಮಾಪ್ಳೆ ಹೆಂಗಸಿಗೋಸ್ಕರ ಮನೆ ಮುಳುಗಿಸಿದೆ” ಎಂದರು. ಅವಳಿಗೋಸ್ಕರ ಏನೂ ಮಾಡಿಲ್ಲ ಎಂದೆ. ನಿಜವೇ. ಅವಳನ್ನು ಕಂಡರೆ ನನಗೆ ಈಗಲೂ ಆಗುವುದಿಲ್ಲ.

ನೀರು ತಣ್ಣಗಾಯಿತು.

26-11-1982, ಶುಕ್ರವಾರ

ಪರವಾನಗಿ ಅಮಾನತಾಗಿದೆ. ಕಾಗದ ಇವರ ಹೆಸರಿಗೆ ಬಂತು, ಅಜ್ಜಾವರಕ್ಕೆ ಕಳಿಸಿದೆ. ನನ್ನ ಮೇಲೆ ಏನು ಮಾಡುತ್ತಾರೆಂದು ಇನ್ನೂ ತೀರ್ಮಾನವಾಗಿಲ್ಲವಂತೆ, ಕರೆದಾಗ ಹೋಗಬೇಕು. ನೆರೆಮನೆಯವರು ಬಾವಿಕಟ್ಟೆಯಲ್ಲಿ ನನ್ನನ್ನು ಕಂಡರೆ ಕೊಡಪಾನ ಅಲ್ಲೇ ಬಿಟ್ಟು ಒಳಗೆ ಹೋಗುತ್ತಾರೆ.

ಪಾತು ಮತ್ತು ಸಲಾಂ ಬಂದಿದ್ದರು. ಕಳ್ಳತನದ ದೂರನ್ನು ಪೊಲೀಸರು ಕೈಬಿಟ್ಟಿದ್ದಾರೆ. ನಾನು ಸ್ಟೂಲು ತಂದು ಹಾಕಿದೆ. ಆ ಕಾಲಿನಲ್ಲಿ ನೆಲಕ್ಕೆ ಕುಳಿತು ಏಳುವುದು ಅವಳಿಗೆ ಕಷ್ಟ. ಏನಾದರೂ ಒಳ್ಳೆಯ ಮಾತು ಹೇಳಿಯಾಳೆಂದು ನಿಂತೆ. ಸಲಾಂ ನೆಲ ನೋಡಿದ. ಪಾತು ನನ್ನ ಮುಖವನ್ನೇ ನೋಡಿ ಹೇಳಿದಳು:

“ಮೊದಲೇ ಹೇಳ್ಬಹುದಿತ್ತಲ್ಲ ಅಕ್ಕ. ನಾನು ಬಂದ ಮೊದಲ್ನೇ ದಿನವೇ.”

ಸ್ಟೂಲಿನಲ್ಲಿ ಕೂರದೆ ಹೋದಳು. ಎಷ್ಟು ಸೊಕ್ಕು. ನನ್ನ ಮನೆ ಹಾಳಾದದ್ದು ಅವಳಿಗೆ ಕಾಣಿಸಲೇ ಇಲ್ಲ.

ಸಿಟ್ಟಿನಲ್ಲಿ ಕಪಾಟು ಖಾಲಿ ಮಾಡಲು ಕುಳಿತೆ. ಅದೇ ವಾಕ್ಯವಿರುವ ಕಾರ್ಬನ್ ಪ್ರತಿಗಳು ಇನ್ನೂ ಐದು ಇವೆ. ಕಡಬದ ಅಕ್ಕಿ ಗಿರಣಿ, ಗುತ್ತಿಗಾರಿನ ರಬ್ಬರ್ ಕಾರ್ಖಾನೆ, ಪುತ್ತೂರಿನಲ್ಲೇ ಮೂರು. ಯಾವುದಕ್ಕೆ ಇವರು ನಿಜವಾಗಿ ಹೋಗಿದ್ದರು, ಯಾವುದಕ್ಕೆ ಇಲ್ಲ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಬೋಜಪ್ಪನವರಿಗೆ ಪಟ್ಟಿ ಬರೆದಿಟ್ಟೆ, ನಾಳೆ ಅಂಚೆಗೆ ಹಾಕಬೇಕು.

6-12-1982, ಸೋಮವಾರ

ಪಟ್ಟಿಗೆ ಬೋಜಪ್ಪನವರ ಉತ್ತರ ಬಂತು, ವಿಮೆಯವರು ಹೋಗಿ ನೋಡುವುದಕ್ಕೆ ಎರಡು ಮೂರು ತಿಂಗಳಾದರೂ ಬೇಕಂತೆ. ಇವತ್ತು ನಾನೇ ಕಡಬಕ್ಕೆ ಹೋಗಿ ಬಂದೆ. ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸಬೇಕು, ನಿಂತೇ ಹೋದದ್ದು. ಸೊಂಟ ಬಿದ್ದುಹೋಗಿದೆ.

ಗಿರಣಿಯ ಮ್ಯಾನೇಜರ್ ಶೀನಪ್ಪ ಎಂಬವರು. ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ದೇವರ ಪಟದ ಪಕ್ಕದಲ್ಲಿ ತೂಗುಹಾಕಿದ್ದಾರೆ. ಅದು ನಂಬುವಂಥದ್ದಲ್ಲ, ಪ್ಯಾನೆಲನ್ನು ಒಮ್ಮೆ ನೋಡಿ ಎಂದೆ. ನೀವು ಯಾರು, ನಿಮ್ಮನ್ನು ಕಳಿಸಿದ್ದು ಯಾರು ಎಂದು ಕೇಳಿದರು. ಯಾರೂ ಕಳಿಸಲಿಲ್ಲ, ಆ ಸಹಿ ಹಾಕಿದವಳು ನಾನಿರಬೇಕು ಎಂದೆ. ಆಗ ನನ್ನ ಗುರುತು ಹತ್ತಿತು. ಗಂಡನನ್ನು ಹಿಡಿದುಕೊಟ್ಟ ಹೆಂಗಸು ನೀವೇನಾ, ಇಲ್ಲಿಗೂ ಬಂದಿರಾ ಎಂದು ಎಲ್ಲರ ಮುಂದೆ ಗದರಿದರು. ಗೇಟಿನವನನ್ನು ಕೂಗಿದರು. ಕರೆಯಿರಿ, ಅವನೂ ನೋಡಲಿ, ನೋಡದೆ ನಾನು ಹೋಗುವುದಿಲ್ಲ ಎಂದು ಅವರ ಬಾಗಿಲಲ್ಲೇ ಕುಳಿತೆ. ಮುಕ್ಕಾಲು ಗಂಟೆ ಕುಳಿತೆ.

ಊಟದ ಹೊತ್ತಾಯಿತು. ಗಿರಣಿಯ ಹೆಂಗಸರು ಗಂಜಿಯ ತೂಕುಪಾತ್ರೆ ಬಿಚ್ಚಿಕೊಂಡು ಪ್ಯಾನೆಲಿನ ಕೋಣೆಗೆ ಹೋಗಿ ಕುಳಿತರು. ಅಲ್ಲಿ ನೆರಳು, ನೆಲ ತಣ್ಣಗೆ. ಪ್ಯಾನೆಲ್ ಎಂದರೆ ಆಳೆತ್ತರಕ್ಕೂ ಮೇಲಿನ ಕಬ್ಬಿಣದ ಕಪಾಟು. ಮೂವರು ಅದಕ್ಕೇ ಬೆನ್ನು ಒರಗಿಸಿದ್ದರು. ನಾನು ಎದ್ದು ಹೋಗಿ ಅವರನ್ನು ಅಲ್ಲಿಂದ ಎಬ್ಬಿಸಿದೆ. ಊಟದಿಂದ ಎಬ್ಬಿಸುತ್ತೀರಲ್ಲ ಎಂದು ಅವರೂ ಬೈದರು.

ಶೀನಪ್ಪನವರಿಗೆ ತಾಳ್ಮೆ ತಪ್ಪಿತು. ಬಿಗಿಯಾಗಿಯೇ ಇದೆ, ತೋರಿಸಿಬಿಡುತ್ತೇನೆ, ಆಮೇಲೆ ತೊಲಗಿ ಎಂದರು. ಮೊದಲು ಮೇನ್ ಆಫ್ ಮಾಡಿಸಿದೆ. ಅವರು ಲುಂಗಿ ಎತ್ತಿ ಕಟ್ಟಿ, ಎರಡೂ ಅಂಗೈ ಇಟ್ಟು ಕಪಾಟನ್ನು ದೂಡಿದರು.

ಅದು ಗೋಡೆಯ ಕಡೆಗೆ ಒಂದು ಗೇಣು ವಾಲಿತು. ಮುಂದಿನ ಕಾಲುಗಳು ನೆಲ ಬಿಟ್ಟು ಎದ್ದವು. ಅವರು ಕೈ ತೆಗೆದದ್ದೇ ಇಡೀ ಕಪಾಟು ನಮ್ಮ ಕಡೆಗೆ ತೂಗಿ, ಒಮ್ಮೆ ದಡ್ ಎಂದು ಕುಳಿತು, ಇನ್ನೂ ಸ್ವಲ್ಪ ಹೊತ್ತು ಅಲ್ಲಾಡಿತು. ಒಳಗೆ ಏನೋ ಗಲಗಲ ಎಂದಿತು.

ಹೆಂಗಸರು ತೂಕುಪಾತ್ರೆಗಳನ್ನು ಎತ್ತಿಕೊಂಡು ಹೊರಗೆ ಬಿಸಿಲಿಗೆ ಹೋಗಿ ಕುಳಿತರು. ಶೀನಪ್ಪನವರು ನನ್ನ ಕಡೆ ನೋಡಲೇ ಇಲ್ಲ. ಕುಡಿಯಲು ನೀರು ಬೇಕಾ ಎಂದು ಕೂಡ ಕೇಳಲಿಲ್ಲ. ಮೇನ್ ಹಾಕು ಎಂದು ಒಬ್ಬನನ್ನು ಕರೆದರು. ಅವನು ಬರಲಿಲ್ಲ. ಇನ್ನೊಬ್ಬನನ್ನು ಕರೆದರು.

ನಾನು ಹೊರಡುವವರೆಗೂ ಗಿರಣಿ ಸುರುವಾಗಿರಲಿಲ್ಲ.